ಬೆಳಗ್ಗೆ ಮಾತ್ರ ಕೆಡುವ ಗಾಡಿ

ಆ ಗಾಡಿ ಗ್ಯಾರೇಜಿನೊಳಗೆ ಬಂದದ್ದೇ ಗುಮ್ಮಿ ಹೂಂ ಎಂದು ತಲೆಯಾಡಿಸಿದ್ದರಿಂದ.

ಸೋಮವಾರ ಮಧ್ಯಾಹ್ನ. ಮಾವ ಊಟ ಮುಗಿಸಿ ಒಳಗಿನ ಕೋಣೆಯಲ್ಲಿ ಕಾಲು ಚಾಚಿದ್ದ. ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗುಮ್ಮಿ ಒಬ್ಬಳೇ ಗ್ಯಾರೇಜಿನ ಬಾಗಿಲಲ್ಲಿ ಕೂತು ಹಳೆಯ ವೈರುಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಬೆಳಕೇ ಹೋಯಿತು. ತಲೆಯೆತ್ತಿ ನೋಡಿದರೆ ಬಾಗಿಲಿಗೆ ಅಡ್ಡಲಾಗಿ ಒಂದು ಕಪ್ಪು ಗಾಡಿ. ಗಾಡಿ ಅನ್ನುವುದಕ್ಕಿಂತ ಚಕ್ರ ಹಚ್ಚಿದ ಎರಡು ಕೋಣೆಯ ಮನೆ ಅಂದರೆ ಸರಿಹೋದೀತು. ಅದರೊಳಗಿಂದ ಕುಳ್ಳಗೆ, ತೆಳ್ಳಗೆ, ಬಿಳಿ ಕೋಟು ಹಾಕಿಕೊಂಡ ಒಬ್ಬರು, ಮಾಳಿಗೆಯಿಂದ ಇಳಿಯುವಂತೆ ಒಂದೊಂದೇ ಕಾಲು ಇಳಿಸಿ ಕೆಳಗೆ ಬಂದರು. ಮೂಲೆಯ ಬೀದಿಯ ಹಲ್ಲಿನ ಡಾಕ್ಟರು.

"ಇಲ್ಲಿ ಗಾಡಿಯ ಎಲೆಕ್ಟ್ರಿಕ್ ಕೆಲಸ ಮಾಡ್ತೀರಲ್ವಾ? ಸೆಕೆಂಡ್‌ಹ್ಯಾಂಡಲ್ಲಿ ತಗೊಂಡೆ. ಅದಕ್ಕೇನೋ ತಲೆ ಕೆಟ್ಟಿದೆ. ಶನಿವಾರ ಹನ್ನೊಂದಕ್ಕೆ ಬರ್ತೀನಿ, ಅಷ್ಟರಲ್ಲಿ ಸರಿಹೋಗುತ್ತಲ್ವಾ?"

'ನಮ್ಮಲ್ಲಿ ಇಂಥ ಗಾಡಿ ಹಿಡಿಯಲ್ಲ, ಮಾವನ್ನ ಕೇಳಿ' ಎಂದು ಗುಮ್ಮಿ ಹೇಳಬೇಕಿತ್ತು. ಮಾತು ಹೊಟ್ಟೆಯಿಂದ ಹೊರಟದ್ದೇನೋ ನಿಜ, ಗಂಟಲವರೆಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಎದುರಿಗೆ ನಿಂತವರು ಉತ್ತರಕ್ಕೆ ಕಾಯುತ್ತಿದ್ದಾರೆ. ಏನಾದರೂ ಮಾಡಬೇಕಲ್ಲ ಎಂದು ತಲೆಯಾಡಿಸಿದಳು. ಡಾಕ್ಟರು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಔಷಧಿ ಬರೆಯುವ ಚೀಟಿಯೊಂದನ್ನು ಹರಿದುಕೊಟ್ಟು, ನಡೆದೇ ಹೋದರು.

ಗುಮ್ಮಿಯ ಕಥೆ ಇಷ್ಟೇ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಉತ್ತರ ಕೇಳಿದಾಗಲೆಲ್ಲ ಹೀಗೇ ಆಗುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಶಾಲೆ ಅಲ್ಲಿಗೆ ನಿಂತಿತು. ಅಮ್ಮ ತನ್ನ ಅಣ್ಣನ ಮನೆಗೆ ಕಳಿಸಿಕೊಟ್ಟಳು. ಬಂದ ಮೊದಲ ದಿನವೇ ಅತ್ತೆ, "ಇದೇನಿದು ಗುಮ್ಮನಗುಸುಕಿ, ಒಂದು ಮಾತಿಗೂ ಗತಿಯಿಲ್ಲ!" ಅಂದಳು. ಅಷ್ಟುದ್ದದ ಹೆಸರು ಕೂಗಲು ಅವಳಿಗೇ ಸುಸ್ತಾಗಿ ವಾರದೊಳಗೆ 'ಗುಮ್ಮಿ' ಆಯಿತು. ಅದಾಗಿ ಐದು ವರ್ಷ. ಈ ಐದು ವರ್ಷದಲ್ಲಿ ಗುಮ್ಮಿ ಟೆಸ್ಟ್ ಲ್ಯಾಂಪು ಹಿಡಿಯುವುದು ಕಲಿತಳು, ಮೀಟರು ನೋಡುವುದು ಕಲಿತಳು, ಯಾವ ಬಣ್ಣದ ವೈರು ಯಾವ ಕಡೆಗೆ ಹೋಗುತ್ತದೆಂದು ಕಣ್ಣುಮುಚ್ಚಿ ಹೇಳುವಷ್ಟಾದಳು. ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ವೈರುಗಳು ಯಾರನ್ನೂ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ. ಲೋಕದಲ್ಲಿ ಅವಳಿಗೆ ಇಷ್ಟವಾದ ಜಾಗ ಇದೊಂದೇ.

ಮಾವ ಕಣ್ಣುಜ್ಜಿಕೊಂಡು ಹೊರಗೆ ಬಂದವನು ಗಾಡಿ ನೋಡಿ ಇನ್ನೊಮ್ಮೆ ಕಣ್ಣುಜ್ಜಿಕೊಂಡ.

"ಯಾರೇ ಒಪ್ಕೊಂಡಿದ್ದು ಇದನ್ನ?"

ಗುಮ್ಮಿ ನೆಲ ನೋಡಿದಳು.

"ಅಯ್ಯೋ ತಾಯಿ, ನನ್ನ ಕೈಗೆ ಬರೋ ಗಾಡಿಗಳ ವೈರು ಎರಡು ಕೈಬೆರಳಲ್ಲಿ ಎಣಿಸಬಹುದು. ಇದರ ಒಂದು ಬಾಗಿಲಲ್ಲೇ ನಮ್ಮ ಬೀದಿಗಾಗುವಷ್ಟು ವೈರು ಇರುತ್ತೆ ಕಣೇ!"

ಮಾವ ಹೇಗೋ ಗಾಡಿಯನ್ನು ಒಳಗೆ ತಂದು ನಿಲ್ಲಿಸುವಷ್ಟರಲ್ಲಿ ಹಿತ್ತಲಿಂದ ಅತ್ತೆ ಬಂದಳು. ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಲು ಇದ್ದದ್ದೇ ಒಂದು ಜಾಗ, ಅದನ್ನು ಈ ಮಹಾಶಯ ಪೂರ್ತಿ ನುಂಗಿ, ಮೂತಿಯನ್ನು ಒಂದು ಮೊಳ ರಸ್ತೆಗೂ ಚಾಚಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನೊಮ್ಮೆ, ಗುಮ್ಮಿಯನ್ನೊಮ್ಮೆ ಅಳೆದಳು.

"ತಲೆಯಾಡಿಸಿದವಳು ನೀನೇ ಅಲ್ವಾ? ಸರಿ. ಶನಿವಾರ ಆ ಡಾಕ್ಟರು ನಗ್ತಾ ಗಾಡಿ ತಗೊಂಡು ಹೋದ್ರೆ ಪರವಾಗಿಲ್ಲ. ಹೋಗಲಿಲ್ಲ ಅಂದ್ರೆ ಸೋಮವಾರದಿಂದ ನನ್ನ ತಂಗಿ ಟೈಲರ್ ಅಂಗಡಿಗೆ ನಡಿ. ಗುಂಡಿ ಹೊಲಿಯೋಕೆ ಮಾತೂ ಬೇಡ, ತಲೆಯಾಡಿಸೋದೂ ಬೇಡ."

"ಏನೇ ಅದು, ಮಗು..." ಎಂದು ಮಾವ ರಾಗ ಎಳೆದ.

"ಏನ್ರೀ?" ಅಂದಳು ಅತ್ತೆ.

"ಏನಿಲ್ಲ," ಅಂದ ಮಾವ.

ಅತ್ತೆಯ ಬಾಯಿಂದ ಒಮ್ಮೆ ಬಿದ್ದ ಮಾತು ಹಿಂದಕ್ಕೆ ಹೋದ ದಾಖಲೆ ಆ ಮನೆಯಲ್ಲಿ ಇರಲಿಲ್ಲ.

ಡಾಕ್ಟರ ಚೀಟಿ ಓದಲು ಮಾವನಿಂದ ಆಗಲಿಲ್ಲ. ತಲೆಕೆಳಗು ಮಾಡಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಕೊನೆಗೆ ಗುಮ್ಮಿಗೆ ಕೊಟ್ಟ. ಗುಮ್ಮಿ ತನ್ನ ನೋಟುಪುಸ್ತಕದಲ್ಲಿ ದುಂಡಗೆ ಬರೆದು ತೋರಿಸಿದಳು: 'ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಡಿಕ್ಕಿ ತೆರೆದುಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಡ್ರೈವರ್ ಸೀಟು ಮುಂದಕ್ಕೆ ಹೋಗಿ ಎದೆ ಸ್ಟೇರಿಂಗಿಗೆ ಒತ್ತುತ್ತದೆ. ಹಿಂದೆ ಟ್ರೈಲರ್ ಕಟ್ಟಿದ್ದೀರಿ, ನಿಧಾನ ಎಂದು ಪರದೆ ಹೇಳುತ್ತದೆ. ನಾನು ಹಿಂದೆ ಏನನ್ನೂ ಕಟ್ಟಿಲ್ಲ. ಭಾನುವಾರ ಬಹಳ, ಉಳಿದ ದಿನ ಕಡಿಮೆ.'

"ಭಾನುವಾರ ಬಹಳವಂತೆ," ಅಂದ ಮಾವ. "ರಜೆ ದಿನ ದುಡಿಸ್ತಾರೆ ಅಂತ ಗಾಡಿಗೂ ಸಿಟ್ಟೇನೋ."

ಇಲ್ಲಿ ಆ ಗ್ಯಾರೇಜಿನ ಒಂದು ಕಟ್ಟುನಿಟ್ಟಿನ ಕಾನೂನನ್ನು ಹೇಳಲೇಬೇಕು. ತೊಳೆಯದ ಗಾಡಿಗೆ ಅಲ್ಲಿ ಯಾರೂ ಸ್ಪ್ಯಾನರು ಮುಟ್ಟಿಸುವಂತಿಲ್ಲ. ಕಾನೂನು ಮಾಡಿದವಳು ಅತ್ತೆ, ಜಾರಿಗೆ ತರುವವಳೂ ಅತ್ತೆ. ದಿನಾ ಬೆಳಗ್ಗೆ ಸರಿಯಾಗಿ ಎಂಟು ಗಂಟೆಗೆ ಅವಳು ಸೀರೆ ಎತ್ತಿ ಸಿಕ್ಕಿಸಿ, ನೀರು ಹೊಡೆಯುವ ಪಂಪಿನ ಗುಂಡಿ ಒತ್ತಿ, ಮೂಲೆಯಲ್ಲಿ ಸುತ್ತಿಟ್ಟ ಪೈಪು ಎಳೆದುಕೊಂಡು ಬರುತ್ತಿದ್ದಳು. ಆ ಪೈಪಿಗೆ ಮನೆಯಲ್ಲಿ 'ಸೊಂಡಿಲು' ಎಂದು ಹೆಸರು. ಅದರ ಬಾಯಿಂದ ಬರುವ ನೀರಿನ ರಭಸಕ್ಕೆ ಒಮ್ಮೆ ಒಂದು ಸ್ಕೂಟರಿನ ನಂಬರಿನಲ್ಲಿ ಒಂದು ಅಂಕಿಯೇ ಅಳಿಸಿಹೋಗಿತ್ತು. ಹೊಸದಾಗಿ ಬಂದ ಗಾಡಿ, ಹಳೆಯ ಗಾಡಿ, ನಿನ್ನೆ ತೊಳೆದ ಗಾಡಿ ಎಂಬ ಭೇದವಿರಲಿಲ್ಲ. ನಿಂತಿದ್ದನ್ನೆಲ್ಲ ತೊಳೆಯುವುದು. ಆ ಹೊತ್ತಿಗೆ ಮಾವ ಚಹಾದಂಗಡಿಯಲ್ಲಿ ಪೇಪರು ಓದುತ್ತಿರುತ್ತಿದ್ದ. ಒಂಬತ್ತೂವರೆಗೆ ಬರುವಷ್ಟರಲ್ಲಿ ಗಾಡಿಯ ಮೈಯೊರೆಸಿ, ಒಣಗಿಸಿ, ಮದುಮಗನಂತೆ ನಿಲ್ಲಿಸಿರುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಹೀಗೇ.

ಮಂಗಳವಾರ ಒಂಬತ್ತೂವರೆಗೆ ಮಾವ ಹೊಳೆಯುವ ಗಾಡಿಯೊಳಗೆ ಹತ್ತಿ ಕೂತು, ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿದ. ಸೀಟು ಅವನನ್ನು ಹೊತ್ತುಕೊಂಡು ಮೆಲ್ಲಗೆ ಮುಂದಕ್ಕೆ ಹೊರಟಿತು. ಅವನ ಹೊಟ್ಟೆ ಸ್ಟೇರಿಂಗಿಗೆ ತಾಗಿ ಹಾರನ್ನು ಒತ್ತಿತು. ಹಾರನ್ ಕೇಳಿ ಎದುರುಮನೆಯವರು ಕಿಟಕಿ ತೆರೆದರು. ಹಿಂದಿನ ಡಿಕ್ಕಿ ತಾನೂ ಏಕೆ ಸುಮ್ಮನಿರಲಿ ಎಂದು ತೆರೆದುಕೊಂಡಿತು.

"ಗುಮ್ಮೀ! ಸ್ಕ್ಯಾನರ್ ತಗೊಂಡ್ ಬಾ!"

ಸ್ಕ್ಯಾನರು ಅಂದರೆ ಪಾಟಿಯಷ್ಟಗಲದ ಒಂದು ಯಂತ್ರ. ಅದರ ಬಾಲವನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಗಾಡಿ ತನ್ನ ಕಷ್ಟವನ್ನೆಲ್ಲ ಅದರ ಮುಂದೆ ಹೇಳಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೂರು ಕಷ್ಟ ಇರುತ್ತವೆ. ಈ ಗಾಡಿ ನಲವತ್ಮೂರು ಹೇಳಿಕೊಂಡಿತು. ಮಾವ ಒಂದೊಂದನ್ನೇ ಹಾಜರಿ ಕೂಗುವಂತೆ ಓದಿದ, ಗುಮ್ಮಿ ದಿನ, ಹೊತ್ತು ಸಮೇತ ಬರೆದುಕೊಂಡಳು. ಹತ್ತರಲ್ಲಿ ಒಂಬತ್ತು ಕಷ್ಟ ಗಾಡಿಯ ಹಿಂಭಾಗದ್ದು ಎಂದು ಅವಳಿಗೆ ಕಂಡಿತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ, "ಬ್ಯಾಟ್ರಿ ವೀಕು. ಇದಕ್ಕೆಲ್ಲಾ ಅದೇ ಮೂಲ," ಎಂದು ತೀರ್ಪು ಕೊಟ್ಟಾಗಿತ್ತು.

ಬ್ಯಾಟರಿ ಬದಲಾಯಿತು. ನಾಲ್ಕು ಗಂಟೆಗೆ ಮತ್ತೆ ನೋಡಿದರೆ ಗಾಡಿ ಹಸುವಿನ ಹಾಗೆ ನಿಂತಿದೆ. ಬ್ರೇಕ್ ಒತ್ತಿದರೆ ಬ್ರೇಕು, ಇಂಡಿಕೇಟರ್ ಹಾಕಿದರೆ ಇಂಡಿಕೇಟರು. ಮಾವನಿಗೆ ಹಿಗ್ಗೋ ಹಿಗ್ಗು. "ನೋಡ್ದೇನೇ? ಕಂಪನಿಯವರಾಗಿದ್ರೆ ಇಡೀ ಗಾಡಿ ಬಿಚ್ಚಿ ಹಾಕ್ತಿದ್ರು," ಎಂದು ಹಲ್ಲಿನ ಡಾಕ್ಟರಿಗೆ ಫೋನು ಮಾಡಿ, ಶನಿವಾರದವರೆಗೆ ಯಾಕೆ, ನಾಳೆ ಬೆಳಗ್ಗೆಯೇ ಬನ್ನಿ ಅಂದುಬಿಟ್ಟ.

ಬುಧವಾರ ಡಾಕ್ಟರು ಬಂದರು. ಬರುವಾಗ ಸುಣ್ಣದಲ್ಲಿ ಅಚ್ಚು ಹಾಕಿದ ಹಲ್ಲುಸೆಟ್ಟುಗಳ ಒಂದು ರಟ್ಟಿನ ಪೆಟ್ಟಿಗೆ ತಂದು ಡಿಕ್ಕಿಯಲ್ಲಿಟ್ಟರು. ಗಾಡಿ ತೆಗೆದುಕೊಂಡು ಅಲ್ಲಿಂದಲೇ ಹಲ್ಲು ಕಟ್ಟುವವನ ಹತ್ತಿರ ಹೋಗುವ ಲೆಕ್ಕ. ಮಾವ ಪಕ್ಕದಲ್ಲಿ, ಗುಮ್ಮಿ ಸ್ಕ್ಯಾನರು ಹಿಡಿದು ಹಿಂದೆ. ಅತ್ತೆ ಬೆಳಗ್ಗೆ ಎಂದಿಗಿಂತ ಜೋರಾಗಿಯೇ ತೊಳೆದಿದ್ದಳು, ಡಾಕ್ಟರ ಗಾಡಿಯೆಂದು.

ಮೊದಲ ತಿರುವಿನವರೆಗೆ ಎಲ್ಲ ಸುಖವಾಗಿತ್ತು. ಡಾಕ್ಟರು ಎಡಗಡೆ ಇಂಡಿಕೇಟರ್ ಹಾಕಿದರು. ಹಿಂದುಗಡೆ ಡಿಕ್ಕಿ ರಾಜಗಾಂಭೀರ್ಯದಿಂದ ಮೇಲೆದ್ದಿತು. ಗಾಬರಿಯಾಗಿ ಬ್ರೇಕ್ ಒತ್ತಿದರು. ಸೀಟು ಅವರನ್ನು ಸ್ಟೇರಿಂಗಿಗೆ ಅಪ್ಪಿಸಿತು. ಅಷ್ಟರಲ್ಲಿ ರಸ್ತೆಯುಬ್ಬು ಬಂತು. ಪೆಟ್ಟಿಗೆ ಹಾರಿ ರಸ್ತೆಗೆ ಬಿದ್ದು ಬಾಯಿಬಿಟ್ಟಿತು. ಇಡೀ ಬೀದಿಯ ತುಂಬ ಹಲ್ಲು.

ಜನ ಸೇರಿದರು. "ಏನಾಯ್ತು? ಎಷ್ಟು ಜನರಿಗೆ ಏಟಾಯ್ತು?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಹೆದರಿ ತನ್ನ ಬಾಯೊಳಗೆ ಬೆರಳು ಹಾಕಿ ಎಣಿಸಿಕೊಂಡ. ಡಾಕ್ಟರು ಸ್ಟೇರಿಂಗಿನ ಅಪ್ಪುಗೆಯಿಂದ ಹೇಗೋ ಬಿಡಿಸಿಕೊಂಡು ಬಂದು ಮಂಡಿಯೂರಿ ಆಯತೊಡಗಿದರು. "ತುಳೀಬೇಡ್ರಪ್ಪಾ! ಅದು ಬ್ಯಾಂಕಿನವರ ಕೆಳದವಡೆ! ಅಮ್ಮಾ, ನಿಮ್ಮ ಕಾಲ ಹತ್ರ ಇರೋದು ಯಾರದ್ದೋ ಮುಂದಿನ ಹಲ್ಲು, ಸ್ವಲ್ಪ ಈಕಡೆ ಕೊಡಿ!" ಒಂದು ನಾಯಿ ಯಾರದೋ ಮೇಲ್ದವಡೆ ಕಚ್ಚಿಕೊಂಡು, ಎರಡು ಸಾಲು ಹಲ್ಲು ಕಿರಿಯುತ್ತಾ ಓಡಿತು. ಗಾಡಿಯೊಳಗೆ ಪರದೆ ಮಾತ್ರ ತಣ್ಣಗೆ ಹೇಳುತ್ತಿತ್ತು: ಹಿಂದೆ ಟ್ರೈಲರ್ ಕಟ್ಟಿದ್ದೀರಿ, ನಿಧಾನ.

"ಶನಿವಾರ," ಅಂದರು ಡಾಕ್ಟರು, ಕೋಟಿನ ಜೇಬಿಗೆ ಕೊನೆಯ ದವಡೆ ತುಂಬಿಕೊಂಡು. "ಶನಿವಾರ ಹನ್ನೊಂದು. ಅದಾದ ಮೇಲೆ ಗಾಡಿನ ಕಂಪನಿಯವರ ಹತ್ರ ಎಳಿಸಿಕೊಂಡು ಹೋಗ್ತೀನಿ." ಅವರು ಗಟ್ಟಿಯಾಗಿ ಬೈಯಲಿಲ್ಲ. ಹಲ್ಲು ಕೀಳುವ ಮೊದಲು 'ಏನೂ ಆಗಲ್ಲ' ಅನ್ನುತ್ತಾರಲ್ಲ, ಆ ದನಿ. ಅದಕ್ಕೇ ಹೆಚ್ಚು ಭಯವಾಯಿತು.

ಆ ಮಧ್ಯಾಹ್ನ ಮಾವ ಅರ್ಥ್ ವೈರುಗಳನ್ನೆಲ್ಲ ಬಿಚ್ಚಿ ತಿಕ್ಕಿದ. ಸಂಜೆಗೆ ಗಾಡಿ ಮತ್ತೆ ಹಸು.

ಗುರುವಾರ ಬೆಳಗ್ಗೆ ಅತ್ತೆ ಪಂಪಿನ ಗುಂಡಿ ಒತ್ತಿದರೆ ಅದು ಒಮ್ಮೆ ನರಳಿ ಸುಮ್ಮನಾಯಿತು. ಮೋಟರು ಸುಟ್ಟಿತ್ತು. ಅದರ ಸುಟ್ಟ ತಂತಿ ಬಿಚ್ಚಿ ಹೊಸದಾಗಿ ಸುತ್ತಲು ಕಳಿಸಿ, ಇಡೀ ದಿನ ತವರಿಗೆ ಹೋಗಲು ಬಸ್ಸು ಸಿಗದವಳ ಹಾಗೆ ಮುಖ ಊದಿಸಿಕೊಂಡು ಓಡಾಡಿದಳು. ಗಾಡಿಯ ಮೇಲೆ ಧೂಳು ಕೂತಿತು. ಮತ್ತು ಗಾಡಿ, ಬೆಳಗಿನಿಂದ ಸಂಜೆಯವರೆಗೆ, ಒಂದೇ ಒಂದು ತಪ್ಪು ಮಾಡಲಿಲ್ಲ. ಮಾವ ಹದಿನೇಳು ಸಲ ಬ್ರೇಕ್ ಒತ್ತಿದ. ಸೀಟು ಕದಲಲಿಲ್ಲ.

"ಅರ್ಥ್ ವೈರು!" ಎಂದು ಸಂಜೆ ಊಟದ ಹೊತ್ತಿಗೆ ಅವನು ಎದೆ ತಟ್ಟಿಕೊಂಡ. "ನಾನು ಮೊದಲೇ ಅಂದಿದ್ದೆ."

"ನೀವು ಮೊದಲು ಅಂದಿದ್ದು ಬ್ಯಾಟ್ರಿ," ಅಂದಳು ಅತ್ತೆ.

ಗುಮ್ಮಿ ತಟ್ಟೆ ನೋಡುತ್ತಾ ಕೂತಿದ್ದಳು. ಅವಳ ತಲೆಯೊಳಗೆ ಏನೋ ಒಂದು ತುದಿ ಇನ್ನೊಂದು ತುದಿಯನ್ನು ಹುಡುಕುತ್ತಿತ್ತು.

ಶುಕ್ರವಾರ ಪಂಪು ಬಂತು. ಎರಡು ದಿನದ ಧೂಳಿನ ಸೇಡು ತೀರಿಸಿಕೊಳ್ಳುವಂತೆ ಅತ್ತೆ ಮುಕ್ಕಾಲು ಗಂಟೆ ನೀರು ಹೊಡೆದಳು. ಒಂಬತ್ತೂವರೆಗೆ ಮಾವ ಶಿಳ್ಳೆ ಹಾಕುತ್ತಾ ಬಂದು ಗಾಡಿ ಹತ್ತಿದ. ಮರುಕ್ಷಣ ಹಾರನ್ನು, ಡಿಕ್ಕಿ, ಮಾವನ 'ಅಯ್ಯಪ್ಪಾ' ಮೂರೂ ಒಟ್ಟಿಗೆ ಕೇಳಿಸಿದವು. ಈ ಸಲ ವೈಪರೂ ಸೇರಿಕೊಂಡಿತ್ತು.

ಗುಮ್ಮಿ ನೋಟುಪುಸ್ತಕ ಬಿಚ್ಚಿದಳು. ಮಂಗಳವಾರ ಬೆಳಗ್ಗೆ, ಬುಧವಾರ ಬೆಳಗ್ಗೆ, ಶುಕ್ರವಾರ ಬೆಳಗ್ಗೆ. ಯಾವತ್ತೂ ಸಂಜೆಯಿಲ್ಲ. ಗುರುವಾರ ಇಲ್ಲವೇ ಇಲ್ಲ. ಆದರೆ ಭಾನುವಾರ? ಡಾಕ್ಟರ ಮನೆಯಲ್ಲಿ ಅತ್ತೆ ಇಲ್ಲವಲ್ಲ. ಅವಳು ಸದ್ದಿಲ್ಲದೆ ಗಾಡಿಯೊಳಗೆ ತೂರಿ ಮುಂದಿನ ಡ್ರಾಯರು ತೆರೆದಳು. ಪೆಪ್ಪರ್‌ಮಿಂಟು, ಕನ್ನಡಕದ ಡಬ್ಬಿ, ಅದರ ಕೆಳಗೆ ವಾಟರ್ ಸರ್ವೀಸಿನ ಒಂದು ಕಾರ್ಡು. ಒಂಬತ್ತು ಸಲ ತೊಳೆಸಿದರೆ ಹತ್ತನೆಯದು ಬಿಟ್ಟಿ. ಆರು ಮನೆಗೆ ಮುದ್ರೆ ಬಿದ್ದಿತ್ತು. ಆರೂ ಭಾನುವಾರದ ತಾರೀಖು.

ಗುಮ್ಮಿಗೆ ಖುಷಿಯಾಗಬೇಕಿತ್ತು. ಬೆವರು ಬಂತು. ಗಾಡಿಗೆ ಹುಚ್ಚು ಹಿಡಿಸುತ್ತಿರುವವಳು ಅತ್ತೆ ಎಂದು ಈಗ ಯಾರಾದರೂ ಅತ್ತೆಗೆ ಹೇಳಬೇಕು.

ಮೊದಲು ಮಾವನನ್ನು ಹಿಡಿದಳು. ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲೆರಡನ್ನು ಸೀಟಿನ ಮೇಲೆ ಎತ್ತಿಟ್ಟು ಫ್ಯೂಸು ಎಳೆಯುತ್ತಿದ್ದ.

"ಮಾವಾ, ನೀರು..." ಅಂದಳು.

"ಹ್ಞೂಂ, ಒಂದ್ ಲೋಟ ಕೊಡು."

ತಂದುಕೊಟ್ಟಳು. ಕುಡಿದ. ಐದು ನಿಮಿಷ ಧೈರ್ಯ ಕೂಡಿಸಿಕೊಂಡು ಮತ್ತೆ ಶುರುಮಾಡಿದಳು. "ಮಾವಾ, ಆ ನೀರು..."

"ಈಗ ತಾನೇ ಕುಡಿದ್ನಲ್ಲೇ! ನಾನೇನು ಒಂಟೇನಾ?"

ಕೊನೆಗೆ ನೋಟುಪುಸ್ತಕವನ್ನು, ವಾಟರ್ ಸರ್ವೀಸಿನ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು. ಮಾವ ಮಲಗಿದಲ್ಲೇ ಓದಿದ. ಇನ್ನೊಮ್ಮೆ ಓದಿದ. ಹಾವು ಕಂಡವನಂತೆ ಮೆಲ್ಲಗೆ ಹೊರಗೆ ಸರಿದು, ಎದ್ದು, ಮನೆಯ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ಸರಿಯಾಗೇ ಹಿಡಿದಿದ್ದೀಯ ಕಣೇ. ಹಿಂದುಗಡೆ ಎಲ್ಲೋ ನೀರು ಒಳಗೆ ಹೋಗ್ತಿದೆ. ಬಿಸಿಲಿಗೆ ಒಣಗಿದ ಮೇಲೆ ಸುಮ್ಮನಾಗ್ತಿದೆ." ಒಂದು ಗಳಿಗೆ ಅವನ ಮುಖ ಅರಳಿತು, ಮತ್ತೆ ಬಾಡಿತು. "ನಿಮ್ಮತ್ತೆಗೆ ನೀನೇ ಹೇಳಿಬಿಡು."

ಗುಮ್ಮಿ ಕಣ್ಣು ಬಿಟ್ಟಳು.

"ನನ್ನಿಂದಾಗಲ್ಲಪ್ಪ. ಮದುವೆಯಾದ ಹೊಸದರಲ್ಲಿ ಒಂದ್ಸಲ ಅಂದಿದ್ದೆ, ದಿನಾ ಯಾಕೆ ತೊಳೀತೀಯ, ವಾರಕ್ಕೊಂದು ಸಲ ಸಾಕು ಅಂತ. 'ಹಾಗಾದ್ರೆ ನೀವೂ ವಾರಕ್ಕೊಂದ್ಸಲ ಊಟ ಮಾಡಿ' ಅಂದಳು. ತಮಾಷೆ ಅಂದ್ಕೊಂಡೆ. ಮೂರು ದಿನ ತಡ್ಕೊಂಡೆ."

"ಎಲ್ಲಿ ನೀರು ಹೋಗುತ್ತೆ ಅಂತ ಈಗಲೇ ಬಿಚ್ಚಿ ನೋಡೋಣ," ಎಂದು ಗುಮ್ಮಿ ಬರೆದು ತೋರಿಸಿದಳು.

"ಹಿಂದುಗಡೆ ಅಂದ್ರೆ ಎಲ್ಲಿ ಅಂತ ಬಿಚ್ಚಲಿ? ಗಾಜು, ದೀಪ, ಬಾಗಿಲ ರಬ್ಬರು... ಪೂರ್ತಿ ಬಿಚ್ಚಿದ್ರೆ ನಾಳೆ ಹನ್ನೊಂದಕ್ಕೆ ಜೋಡಿಸೋಕಾಗಲ್ಲ. ನಾಳೆ ಒಂದು ಬೆಳಗ್ಗೆ ಅವಳು ನೀರು ಹೊಡೀದೆ ಇದ್ರೆ ಸಾಕು, ಗಾಡಿ ಸುಮ್ಮನೆ ಹೋಗುತ್ತೆ. ಮುಂದಿಂದು ಮುಂದೆ."

ಹೋಗಿ ಭಾನುವಾರ ಮತ್ತೆ ಬರುತ್ತೆ, ಎಂದು ಗುಮ್ಮಿ ಅಂದುಕೊಂಡಳು. ಅಂದುಕೊಂಡದ್ದಷ್ಟೇ.

ಶನಿವಾರ ಬೆಳಗ್ಗೆ ಏಳೂಮುಕ್ಕಾಲಿಗೇ ಮಾವ ಚಹಾದಂಗಡಿಗೆ ಓಡಿದ. ಓಡುವ ಮೊದಲು ಸೊಂಡಿಲಿನ ತುದಿಯ ಹಿತ್ತಾಳೆ ಮೂತಿಯನ್ನು ಬಿಚ್ಚಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ. ಅತ್ತೆ ಎರಡೇ ನಿಮಿಷದಲ್ಲಿ ಅದನ್ನು ಹುಡುಕಿ, ಅಕ್ಕಿಕಾಳು ಊದಿ ಹಾರಿಸಿ, ತಿರುಗಿಸಿ ಕೂರಿಸಿದಳು. ಯಾರು ಬಚ್ಚಿಟ್ಟರೆಂದು ಕೇಳಲೂ ಇಲ್ಲ. ಸಮಯ ಹಾಳುಮಾಡುವವಳಲ್ಲ. ಪಂಪು ಗುಂಯ್ಗುಟ್ಟಿತು. ಪೈಪು ಬಿಗಿಯಾಯಿತು. ಗಾಡಿಯ ಹಿಂಭಾಗಕ್ಕೆ ಗುರಿಯಿಟ್ಟಳು.

ಗುಮ್ಮಿ ಬಾಗಿಲಲ್ಲಿ ನಿಂತು 'ಬೇಡ' ಎಂಬ ಎರಡಕ್ಷರವನ್ನು ಮೇಲೆತ್ತಲು ಒದ್ದಾಡುತ್ತಿದ್ದಳು. ಅದು ಏಳಲೊಲ್ಲದು. ಸೋಮವಾರ, ಗುಂಡಿ, ಗುಂಡಿಮೇಲೆ ಗುಂಡಿ, ಎಂದು ಕಣ್ಣೆದುರು ಬಂತು. ಬಾಯಿ ನಂಬಿದರೆ ಕೆಟ್ಟೆ ಎಂದು ಕಾಲನ್ನು ನಂಬಿದಳು. ಓಡಿಹೋಗಿ ಗಾಡಿಗೂ ಸೊಂಡಿಲಿಗೂ ನಡುವೆ ಕೈ ಚಾಚಿ ನಿಂತುಬಿಟ್ಟಳು.

ಸ್ಕೂಟರಿನ ಅಂಕಿ ಅಳಿಸಿದ ನೀರು ಅದು. ಗುಮ್ಮಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಡಿಕ್ಕಿಗೆ ಅಂಟಿಕೊಂಡಳು. ಜಡೆ ಬಿಚ್ಚಿಹೋಯಿತು. ಒಂದು ಚಪ್ಪಲಿ ರಸ್ತೆ ದಾಟಿತು.

"ಹುಚ್ಚು ಹಿಡೀತೇನೇ!" ಅತ್ತೆ ನೀರು ನಿಲ್ಲಿಸಿದಳು. "ಸ್ನಾನ ಬೇಕಿದ್ರೆ ಬಚ್ಚಲಿಲ್ವಾ?"

ಆ ನೀರಿನ ಏಟಿಗೆ ಗಂಟಲಲ್ಲಿ ಕೂತಿದ್ದದ್ದು ಕಿತ್ತುಬಂತೋ ಏನೋ, ಗುಮ್ಮಿ ಮಾತಾಡಿದಳು. ಕಣ್ಣುಮುಚ್ಚಿಕೊಂಡು, ಉಸಿರು ಬಿಡದೆ, ಅಲ್ಪವಿರಾಮವಿಲ್ಲದೆ. "ಅತ್ತೆ ಗಾಡಿ ಕೆಡೋದು ಬೆಳಗ್ಗೆ ಮಾತ್ರ ನೀವು ತೊಳೆದ ಮೇಲೆ ಗುರುವಾರ ಪಂಪು ಕೆಟ್ಟಿತ್ತು ಗಾಡಿ ಸರಿಯಿತ್ತು ಡಾಕ್ಟರು ಭಾನುವಾರ ತೊಳೆಸ್ತಾರೆ ಭಾನುವಾರ ಕೆಡುತ್ತೆ ಹಿಂದುಗಡೆ ಎಲ್ಲೋ ನೀರು ಹೋಗ್ತಿದೆ ನಿಮ್ಮ ನೀರು."

ಎದುರುಮನೆಯ ಕಿಟಕಿ ತೆರೆಯಿತು.

"ನನ್ನ ನೀರು," ಅಂದಳು ಅತ್ತೆ.

ಗುಮ್ಮಿ ತಲೆಯಾಡಿಸಿದಳು.

"ಇಪ್ಪತ್ತೆಂಟು ವರ್ಷದಿಂದ ಹೊಡೀತಿದ್ದೀನಿ. ಒಂದು ಗಾಡಿಗೆ ನೆಗಡಿ ಆಗಿಲ್ಲ. ನನ್ನ ನೀರಿಂದ ಕೆಡ್ತಂತೆ! ಆಗಲಿ. ಈಗಲೇ ನೋಡಿಬಿಡೋಣ. ರೀ!" ಆ 'ರೀ' ಮೂರು ಅಂಗಡಿ ದಾಟಿ ಚಹಾದಂಗಡಿಗೆ ಮುಟ್ಟಿತು. ಮಾವ ಅರ್ಧ ಲೋಟ ಚಹಾ ಕೈಯಲ್ಲೇ ಹಿಡಿದು ಬಂದ. "ಹತ್ತಿ ಕೂತ್ಕೊಳ್ಳಿ. ಬ್ರೇಕ್ ಒತ್ತಿ ಹಿಡೀರಿ. ನಾನು ಒಂದೊಂದು ಕಡೆ ಹೊಡೀತೀನಿ. ಕೆಟ್ರೆ ಕೂಗಿ, ಕೆಡದಿದ್ರೆ ಸುಮ್ಮನಿರಿ."

ಮಾವ ಕೂತ. ಅತ್ತೆ ಮುಂದಿನಿಂದ ಶುರುಮಾಡಿದಳು. ಬಾನೆಟ್ಟಿಗೆ ಹೊಡೆದಳು. ಮಾವ ಸುಮ್ಮನಿದ್ದ. ಅತ್ತೆ ಗುಮ್ಮಿಯ ಕಡೆ ತಿರುಗಿ ಹುಬ್ಬು ಹಾರಿಸಿದಳು. ಬಾಗಿಲುಗಳಿಗೆ ಹೊಡೆದಳು. ಹಿಂದಿನ ಗಾಜಿಗೆ, ಬಲಗಡೆ ದೀಪಕ್ಕೆ ಹೊಡೆದಳು. ಮಾವ ಚಹಾ ಗುಟುಕರಿಸುವ ಸದ್ದು ಮಾತ್ರ. ಅತ್ತೆಯ ಹುಬ್ಬು ಇನ್ನು ಹಾರಲು ಹಣೆಯಲ್ಲಿ ಜಾಗವಿರಲಿಲ್ಲ.

"ಇನ್ನೆಲ್ಲಿ, ಹೇಳವ್ವಾ?"

ಗುಮ್ಮಿ ಎಡಗಡೆ ಹಿಂದಿನ ದೀಪ ತೋರಿಸಿದಳು. ಅದರ ಒಳಗಾಜಿನಲ್ಲಿ ಸಣ್ಣಗೆ ಹಬೆ ಕಟ್ಟಿದ್ದು ಅವಳಿಗೆ ಈಗಷ್ಟೇ, ಡಿಕ್ಕಿಗೆ ಅಂಟಿಕೊಂಡಿದ್ದಾಗ ಕಂಡಿತ್ತು.

ಅತ್ತೆ ಹತ್ತಿರ ಹೋಗಿ, ಮೂತಿಯನ್ನು ದೀಪದಂಚಿಗೆ ಇಟ್ಟು, ಪೂರ್ತಿ ಬಿಟ್ಟಳು. ಹತ್ತು ಎಣಿಸುವಷ್ಟು ಹೊತ್ತು. ಇಪ್ಪತ್ತು. ಏನೂ ಇಲ್ಲ. ಅತ್ತೆ ನೀರು ನಿಲ್ಲಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೋಡು, ನನ್ನ ನೀರಿಗೆ ಹೆಸರಿಡ..." ಎನ್ನುತ್ತಿರುವಾಗ ಗಾಡಿಯೊಳಗಿಂದ ಮಾವನ ದನಿ ಬಂತು.

"ಲೇ, ಹೊರಟೆ ಕಣೇ!"

ಸೀಟು ಹೊರಟಿತ್ತು. ಮಾವ ಚಹಾದ ಲೋಟವನ್ನು ತಲೆಯ ಮೇಲೆತ್ತಿ ಹಿಡಿದು, ತೇರಿನ ಮೇಲೆ ಕೂತವನಂತೆ ಮೆಲ್ಲಗೆ ಮುಂದೆ ಮುಂದೆ ಬಂದು ಸ್ಟೇರಿಂಗಿಗೆ ಒತ್ತಿಕೊಂಡ. ಹಾರನ್ನು ಕೂಗಿತು. ವೈಪರು ಎದ್ದಿತು. ಡಿಕ್ಕಿ ಮೇಲೆ ಹಾರಿ ಅತ್ತೆಯ ಗದ್ದಕ್ಕೆ ಎರಡು ಬೆರಳು ತಪ್ಪಿತು. "ಟ್ರೈಲರ್ ಕಟ್ಟಿದ್ದೀವಂತೆ!" ಎಂದು ಮಾವ ಒಳಗಿಂದ ಓದಿ ಹೇಳಿದ.

ಅತ್ತೆಯ ಮುಖದಲ್ಲಿ ಮೊದಲು ಸಿಟ್ಟು ಬಂತು. ಆಮೇಲೆ ಅವಮಾನದಂಥದ್ದೇನೋ ಹಾದುಹೋಯಿತು. ಸದಾ ಮುಖಗಳನ್ನೇ ನೋಡಿಕೊಂಡು ಬೆಳೆದ ಗುಮ್ಮಿಗೆ ಅದು ತಪ್ಪದೆ ಕಂಡಿತು. ಸೋಮವಾರದ ಗತಿ ನಿಂತಿರುವುದು ಈ ಗಳಿಗೆಯ ಮೇಲೆ ಎಂದೂ ತಿಳಿಯಿತು.

"ಅತ್ತೆ," ಅಂದಳು, ಹಾರನ್ನಿಗಿಂತ ಗಟ್ಟಿಯಾಗಿ. "ನೀವು ಹೀಗೆ ಒಂದೊಂದೇ ಕಡೆ ಹೊಡೀದೆ ಇದ್ದಿದ್ರೆ ಇದು ಯಾವ ಸ್ಕ್ಯಾನರಿಗೂ ಸಿಗ್ತಿರಲಿಲ್ಲ."

ಸುಳ್ಳೂ ಅಲ್ಲ. ಅತ್ತೆ ಅದನ್ನು ಒಂದು ಕ್ಷಣ ಬಾಯಲ್ಲಿಟ್ಟು ರುಚಿ ನೋಡಿದಳು.

"ಅದೇ ಮತ್ತೆ," ಅಂದಳು. "ನಾಲ್ಕು ದಿನದಿಂದ ಈ ಮನುಷ್ಯ ಬ್ಯಾಟ್ರಿ, ಅರ್ಥು, ಫ್ಯೂಸು ಅಂತ ಒದ್ದಾಡಿದ್ರು. ಕೊನೆಗೆ ಹಿಡಿದಿದ್ದು ಯಾವುದು? ನನ್ನ ನೀರು!"

"ನನ್ನನ್ನ ಯಾರಾದ್ರೂ ಬಿಡಿಸ್ತೀರಾ?" ಅಂದ ಮಾವ.

ದೀಪ ಬಿಚ್ಚಿದರು. ಅದರ ಸುತ್ತಲಿನ ರಬ್ಬರು ಒಂದು ಕಡೆ ಹೆಬ್ಬೆರಳಷ್ಟು ಹರಿದಿತ್ತು. ಹಿಂದೆ ಯಾವನೋ ಅವಸರದಲ್ಲಿ ಮಡಚಿ ಕೂರಿಸಿದ್ದ. ಅಲ್ಲಿಂದ ಇಳಿದ ನೀರು ನೇರವಾಗಿ ಒಳಗಿನ ಒಂದು ಕಪ್ಪು ಡಬ್ಬಿಯ ನೆತ್ತಿಗೆ. ಹಿಂಭಾಗದ ದೀಪ, ಡಿಕ್ಕಿ, ಟ್ರೈಲರು ಎಲ್ಲದರ ಯಜಮಾನಿಕೆ ಆ ಡಬ್ಬಿಯದೇ. ಅದರ ಮೈಗೆ ನೀರು ಬಿದ್ದ ಕೂಡಲೇ ಅದು ಬಾಯಿಗೆ ಬಂದದ್ದೆಲ್ಲ ಒದರುತ್ತಿತ್ತು, ಸೀಟು, ವೈಪರು ನೋಡಿಕೊಳ್ಳುವ ಉಳಿದ ಡಬ್ಬಿಗಳು ಅದನ್ನೇ ನಿಜವೆಂದು ನಂಬಿ ಕುಣಿಯುತ್ತಿದ್ದವು. ಡಬ್ಬಿಯ ಪಿನ್ನುಗಳ ಮೇಲೆ ಹಸಿರು ಪಾಚಿಯಂಥದ್ದು ಕೂತಿತ್ತು.

ಹನ್ನೊಂದಕ್ಕೆ ಡಾಕ್ಟರು ಬಂದಾಗ ಅತ್ತೆ ತನ್ನ ಕೂದಲು ಒಣಗಿಸುವ ಯಂತ್ರದಿಂದ ಡಬ್ಬಿಗೆ ಬಿಸಿಗಾಳಿ ಊದುತ್ತಿದ್ದಳು, ಮಾವ ಟ್ಯೂಬಿನ ರಬ್ಬರು ಕತ್ತರಿಸುತ್ತಿದ್ದ, ಗುಮ್ಮಿ ಒದ್ದೆ ಬಟ್ಟೆಯಲ್ಲೇ ಪಿನ್ನು ತಿಕ್ಕುತ್ತಿದ್ದಳು.

"ಇನ್ನೂ ಆಗಿಲ್ವಾ?" ಎಂದು ಡಾಕ್ಟರು ಹುಬ್ಬು ಗಂಟಿಕ್ಕಿದರು.

ಮಾವ ಹರಿದ ರಬ್ಬರು ತೋರಿಸಿದ. "ಇಲ್ಲಿ ತೂತು. ಇಲ್ಲಿಂದ ನೀರು ಒಳಗೆ. ಒಳಗೆ ಹೋಗಿ ಕೊಳೀತಾ ಇತ್ತು."

ಡಾಕ್ಟರ ಮುಖ ಬೆಳಗಿತು. "ಅಯ್ಯೋ, ಹುಳುಕು! ಅಷ್ಟೇನಾ? ಮೊದಲೇ ಹೇಳಬಾರದಾ?" ಎಂದು ಕೋಟಿನ ಜೇಬಿಂದ ಸಣ್ಣ ಕನ್ನಡಿಯ ಕಡ್ಡಿ, ಸಣ್ಣ ಕೊಕ್ಕೆಯ ಕಡ್ಡಿ ತೆಗೆದು, ಗುಮ್ಮಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಸರಿ, ಬಾಯಿ ದೊಡ್ಡದಾಗಿ ತೆರೀರಿ," ಎಂದು ಡಬ್ಬಿಗೆ ಅಭ್ಯಾಸಬಲದಿಂದ ಹೇಳಿ, ಪಿನ್ನುಗಳ ಸಂದಿಯ ಪಾಚಿಯನ್ನು ಹತ್ತು ನಿಮಿಷದಲ್ಲಿ ಒಂದೂ ಉಳಿಯದಂತೆ ಕೆರೆದು ತೆಗೆದರು. ಗುಮ್ಮಿ ಅಷ್ಟು ಚೆಂದದ ಕೈಕೆಲಸ ನೋಡಿರಲೇ ಇಲ್ಲ. ಡಬ್ಬಿ ಕೂತಿತು, ರಬ್ಬರು ಕೂತಿತು, ದೀಪ ಕೂತಿತು. 'ಇನ್ನೊಂದೇ ಸಲ' ಎಂದು ಅತ್ತೆ ಮೂರು ಸಲ ನೀರು ಹೊಡೆದಳು. ಸೀಟು ಕದಲಲಿಲ್ಲ.

ಡಾಕ್ಟರು ಹೊರಡುವ ಮೊದಲು ಎಲ್ಲರಿಗೂ ಹಲ್ಲು ತೋರಿಸಿ ನಕ್ಕರು. "ಕಂಡುಹಿಡಿದಿದ್ದು ಯಾರು?"

"ನಾನು," ಅಂದಳು ಅತ್ತೆ. ಒಂದು ಉಸಿರು ಬಿಟ್ಟು, ಬೇಡದ ಮನಸ್ಸಿನಿಂದ ಗದ್ದವನ್ನು ಗುಮ್ಮಿಯ ಕಡೆ ಚೂರು ತಿರುಗಿಸಿದಳು. "ಎಲ್ಲಿ ಹೊಡೀಬೇಕು ಅಂತ ಇವಳು ಹೇಳಿದ್ಲು."

ಗಾಡಿ ಎಡಗಡೆ ಇಂಡಿಕೇಟರ್ ಮಿನುಗಿಸುತ್ತಾ ತಿರುವಿನಲ್ಲಿ ಮರೆಯಾಯಿತು. ಡಿಕ್ಕಿ ಮುಚ್ಚಿಯೇ ಇತ್ತು. ಅತ್ತೆ ಒಳಗೆ ಹೋಗಿ ತಂಗಿಗೆ ಫೋನು ಹಚ್ಚಿದಳು. ಗುಮ್ಮಿ ತಲೆ ಒರೆಸಿಕೊಳ್ಳುವ ನೆವದಲ್ಲಿ ಬಾಗಿಲ ಮರೆಯಲ್ಲಿ ನಿಂತಳು.

"ಹಲೋ, ಕೇಳಿಸ್ತಾ? ಸೋಮವಾರ ಹುಡುಗಿ ಬರಲ್ಲ. ಬರಲ್ಲ ಅಂದ್ರೆ ಬರಲ್ಲ, ನನಗೆ ಇಲ್ಲಿ ಬೇಕು. ಏನು? ಅವಳಿಗೆ ಅಂತ ಹೊಸ ಸ್ಟೂಲ್ ಮಾಡಿಸಿದ್ಯಾ? ಯಾರೇ ನಿನಗೆ ಅಷ್ಟು ಅವಸರ ಮಾಡೋಕೆ ಹೇಳಿದ್ದು?" ಅತ್ತೆ ಸ್ವಲ್ಪ ಹೊತ್ತು ಆಚೆಯ ಬೈಗುಳ ಕೇಳಿಸಿಕೊಂಡಳು. ಆಮೇಲೆ ಗ್ಯಾರೇಜಿನ ಕಡೆ ಇಣುಕಿ, ಗುಮ್ಮಿ ವೈರು ಬೇರೆ ಮಾಡಲು ದಿನಾ ಕೂರುವ ಸಿಮೆಂಟಿನ ನೆಲವನ್ನು ನೋಡಿ ಹೇಳಿದಳು. "ಹಾಗಾದ್ರೆ ಒಂದು ಕೆಲಸ ಮಾಡು. ಆ ಸ್ಟೂಲು ಇಲ್ಲಿಗೇ ಕಳಿಸಿಕೊಡು."